ರತ್ನಳನ್ನು ಯಾರೂ ಕೇಳಲಿಲ್ಲ

ಮಾಸ್ತಿಯವರ ‘ರಂಗನ ಮದುವೆ’ 1910ರ ಸುಮಾರಿನ ಕತೆ. ಬೆಂಗಳೂರಿಗೆ ಹೋಗಿ ಇಂಗ್ಲಿಷ್ ಓದಿ ಬಂದ ಶಾನುಭೋಗರ ಮಗ ರಂಗ, ಅವನಿಗೆ ಮದುವೆ ಮಾಡಿಸಲೇಬೇಕೆಂದು ಹೊರಟ ಶ್ಯಾಮ, ಮೊದಲೇ ಪಾಠ ಹೇಳಿಸಿಕೊಂಡು ಕವಡೆ ಹಾಕುವ ಶಾಸ್ತ್ರಿ. ನಗುತ್ತ ಓದಿ ಮುಗಿಸುತ್ತೇವೆ. ಈ ಕತೆಯ ಬಗ್ಗೆ ಮಾತಾಡುವಾಗ ನಾವು ಹೆಚ್ಚಾಗಿ ರಂಗನ ಹಿಂದೆಯೇ ಹೋಗುತ್ತೇವೆ: ಹೊಸ ವಿದ್ಯೆ ಹಳೇ ಊರಿಗೆ ಬಂದಾಗ ಏನಾಯಿತು ಎಂದು. ನನಗೀಗ ರತ್ನಳ ಮೌನವೇ ಹೆಚ್ಚು ಕಾಡುತ್ತದೆ.

ರತ್ನಳಿಗೆ ಹನ್ನೊಂದು ವರ್ಷ. ತಂದೆತಾಯಿ ಇಲ್ಲ, ರಾಮರಾಯರ ಮನೆಯಲ್ಲಿದ್ದಾಳೆ. ವೀಣೆ ಬಲ್ಲಳು, ಹಾಡಬಲ್ಲಳು. ಬಾಗಿಲಲ್ಲಿ ರಂಗ ಕಾಣಿಸಿಕೊಂಡೊಡನೆ ಹಾಡು ನಿಲ್ಲಿಸಿ ಒಳಗೆ ಹೋಗುತ್ತಾಳೆ. ಆಮೇಲೆ ಅವಳ ಮನಸ್ಸಿಗೆ ಕತೆಯಲ್ಲಿ ಜಾಗವಿಲ್ಲ. ರಂಗನ ಮನಸ್ಸಿಗಾದರೆ ಎಷ್ಟು ಉಪಚಾರ! ಅವನ ಮುಖ ನೋಡುತ್ತಾರೆ, ಆಸೆ ಹುಟ್ಟಿಸುತ್ತಾರೆ, ಅವಳಿಗೆ ಮದುವೆಯಾಗಿದೆ ಎಂದು ಸುಳ್ಳು ಹೇಳಿ ಪರೀಕ್ಷಿಸುತ್ತಾರೆ, ಜ್ಯೋತಿಷ್ಯ ಹೇಳಿಸುತ್ತಾರೆ. ಇದನ್ನು ಮಾಸ್ತಿಯವರ ದೋಷವೆಂದು ಹೇಳಲಾರೆ. 1894ರ ಮೈಸೂರು ಸಂಸ್ಥಾನದ ಕಾನೂನು ತಡೆದದ್ದು ಎಂಟು ವರ್ಷದೊಳಗಿನ ಹುಡುಗಿಯರ ಮದುವೆಯನ್ನು. ಹನ್ನೊಂದು ಆಗ ತಪ್ಪಲ್ಲ. ಆದರೆ ಕತೆಯ ಹಾಸ್ಯ ನಡೆಯುವುದೇ ಅವಳನ್ನು ಯಾರೂ ಕೇಳುವುದಿಲ್ಲ ಎಂಬುದರ ಮೇಲೆ. ಅವಳೊಮ್ಮೆ ‘ಬೇಡ’ ಅಂದಿದ್ದರೆ ಶ್ಯಾಮನ ಜಾಣತನವೆಲ್ಲ ಅಲ್ಲೇ ಬಿದ್ದುಹೋಗುತ್ತಿತ್ತು.

ಮಾಸ್ತಿ ಮಾಲೂರು ತಾಲ್ಲೂಕಿನವರು. ಹೊಸಹಳ್ಳಿಯ ಹೆಸರು ಯಾವ ಭೂಗೋಳದ ಪುಸ್ತಕದಲ್ಲೂ ಇಲ್ಲವೆಂದು ಅವರ ನಿರೂಪಕ ಗೊಣಗುತ್ತಾನಲ್ಲ, ಈಗ ಅದೇ ಸೀಮೆಯ ನರಸಾಪುರ ಐಫೋನು ಜೋಡಿಸುವ ಊರೆಂದು ಜಗತ್ತಿನ ನಕ್ಷೆಯಲ್ಲಿದೆ. ಬೆಳಕು ಹರಿಯುವ ಮೊದಲೇ ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಹಳ್ಳಿ ಹುಡುಗಿಯರು ಕುತ್ತಿಗೆಗೆ ಐಡಿ ಕಾರ್ಡು ಹಾಕಿಕೊಂಡು ಕಂಪನಿ ಬಸ್ಸಿಗೆ ಕಾಯುತ್ತಾರೆ. ಮಾಲೂರಿನವರು ರೈಲು ಹತ್ತಿ ವೈಟ್‌ಫೀಲ್ಡ್ ಕಡೆಗೂ ಹೋಗುತ್ತಾರೆ. ಅಂದರೆ ಊರು ಬಿಟ್ಟು ಹೋಗಿ, ಬೇರೆಯದನ್ನು ಕಂಡು, ಮರಳಿ ಬರುವ ರಂಗನ ಪಾತ್ರ ಈಗ ರತ್ನಳ ಪಾಲಿಗೆ ಬಂದಿದೆ.

ರಂಗ ಬಂದ ದಿನ ಊರೆಲ್ಲ ನೋಡಲು ನೆರೆಯುತ್ತದೆ. ಮುದುಕಿಯೊಬ್ಬಳು ಅವನ ಎದೆ ಮುಟ್ಟಿ, ಜನಿವಾರ ಇನ್ನೂ ಇದೆಯೆಂದು ಖಾತ್ರಿ ಮಾಡಿಕೊಂಡು ಸಮಾಧಾನಪಡುತ್ತಾಳೆ. ಇವತ್ತು ಆ ತಪಾಸಣೆ ನಡೆಯುವುದು ಹುಡುಗಿಯ ಮೊಬೈಲಿನ ಮೇಲೆ. ಯಾರ ಫೋನು ಬಂತು, ಬಸ್ಸು ಯಾಕೆ ತಡ, ಪಕ್ಕದ ಲೈನಿನಲ್ಲಿ ಕೆಲಸ ಮಾಡುವವನು ಯಾವ ಜಾತಿ. ರಂಗ ಪರೀಕ್ಷೆಯಲ್ಲಿ ಒಮ್ಮೆ ಪಾಸಾದರೆ ಮುಗಿಯಿತು. ಇವಳಿಗೆ ದಿನಾ ಸಂಜೆ ಪರೀಕ್ಷೆ. ಬುದ್ಧಿ ಬಲಿತ ಮೇಲೆ, ಮೆಚ್ಚಿದವಳನ್ನೇ ಮದುವೆಯಾಗುತ್ತೇನೆಂದು ರಂಗ ಅಂದಾಗ ಶ್ಯಾಮ ಸಿಟ್ಟಾಗದೆ ಉಪಾಯ ಹೂಡಿದ. ಅದೇ ಮಾತನ್ನು ಇವಳು ಆಡಿದರೆ ಮನೆಯಲ್ಲಿ ನಗುವವರು ಯಾರೂ ಇರುವುದಿಲ್ಲ.

ಹಾಗಾದರೆ ಸಂಬಳ ಏನು ಬದಲಿಸಿತು? ಟೊಮೇಟೊ ತೋಟದ ಕೂಲಿಗೆ ತಾಯಿ ಮಗಳು ಜೊತೆಯಾಗಿ ಹೋದರೆ ಇಬ್ಬರ ದುಡ್ಡೂ ಸಾಮಾನ್ಯವಾಗಿ ತಾಯಿಯ ಸೆರಗಿನ ಗಂಟಿಗೆ ಸೇರುತ್ತದೆ. ಕಂಪನಿಯ ಸಂಬಳ ಮಗಳ ಹೆಸರಿನ ಖಾತೆಗೆ ಬರುತ್ತದೆ. ಅದು ಆಮೇಲೆ ಚೀಟಿಗೆ, ತಮ್ಮನ ಫೀಸಿಗೆ, ಬೋರ್‌ವೆಲ್ ಸಾಲಕ್ಕೆ ಹೋಗಬಹುದು. ಆದರೆ ಕೊಡುವಾಗ ಅವಳ ಕೈಯಿಂದಲೇ ಹೋಗಬೇಕು. ‘ಇನ್ನೆರಡು ವರ್ಷ ದುಡೀಲಿ ಬಿಡು, ಮದುವೆ ಆಮೇಲೆ ನೋಡೋಣ’ ಅನ್ನುತ್ತದೆ ಮನೆ. ಆ ಎರಡು ವರ್ಷ ಮನೆಯವರ ಲೋಭವೋ ಅವಳ ಗೆಲುವೋ? ನನ್ನ ಪ್ರಕಾರ ಎರಡೂ ಹೌದು, ಬಿಡಿಸಲಾಗದಂತೆ ಹೆಣೆದುಕೊಂಡಿವೆ. ನಮ್ಮ ಇವತ್ತಿನ ಕತೆಗಳು ಮಾತ್ರ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲು ಅವಸರಪಡುತ್ತವೆ: ಒಂದೋ ಅವಳು ಯಂತ್ರಕ್ಕೆ ಸಿಕ್ಕ ಬಲಿ, ಇಲ್ಲವೇ ರೆಕ್ಕೆ ಬಿಚ್ಚಿದ ಹಕ್ಕಿ. ಈ ಹಕ್ಕಿ ನನಗಂತೂ ಸಾಕಾಗಿದೆ.

ಸಂಬಳವೂ ಗಟ್ಟಿ ನೆಲವಲ್ಲ. ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ಕಾರ್ಮಿಕರ ಸಿಟ್ಟು ಸ್ಫೋಟಿಸಿತು. ಕೆಲವರಿಗೆ ಸಂಬಳ ಸರಿಯಾಗಿ, ಸಮಯಕ್ಕೆ ಸಿಕ್ಕಿಲ್ಲವೆಂದು ಕಂಪನಿಯೇ ಆಮೇಲೆ ಒಪ್ಪಿಕೊಂಡಿತು. ಹೆಚ್ಚಿನವರು ಗುತ್ತಿಗೆದಾರರ ಮೂಲಕ ಬಂದವರು. 2023ರಲ್ಲಿ ಕಾರ್ಖಾನೆ ಟಾಟಾ ಕೈಗೆ ಹೋಯಿತು. ಒಡೆದ ಗಾಜಿನ ಚಿತ್ರಗಳನ್ನು ನಾವೆಲ್ಲ ನೋಡಿದೆವು. ಖಾತೆಗೆ ದುಡ್ಡು ಕಡಿಮೆ ಬಿದ್ದ ತಿಂಗಳು ಒಬ್ಬ ಹುಡುಗಿ ಮನೆಯಲ್ಲಿ ಏನೆಂದು ಹೇಳಿರಬೇಕು, ಮುಂದಕ್ಕೆ ಹಾಕಿದ್ದ ಮದುವೆ ಮಾತು ಆ ರಾತ್ರಿಯೇ ಮತ್ತೆ ಎದ್ದಿತೇ ಎಂಬುದು ಆ ಚಿತ್ರಗಳಲ್ಲಿರಲಿಲ್ಲ. ಕತೆಗಾರರು ಹೋಗಬೇಕಾದದ್ದು ಅಲ್ಲಿಗೆ.

ಇನ್ನೊಂದು ತೊಡಕೂ ಇದೆ. ಮಾಸ್ತಿಯವರ ನಿರೂಪಕ ಜಗಲಿಯ ಮೇಲೆ ಕೂತವನಂತೆ, ಕೇಳುಗರೆಲ್ಲ ತನ್ನವರೇ ಎಂಬ ಭರವಸೆಯಲ್ಲಿ ಕನ್ನಡವಾಡುತ್ತಾನೆ. ಶ್ರೀನಿವಾಸಪುರ, ಮುಳಬಾಗಿಲಿನ ಎಷ್ಟೋ ಹುಡುಗಿಯರು ಅಮ್ಮನ ಜೊತೆ ಜಗಳವಾಡುವುದು ತೆಲುಗಿನಲ್ಲಿ, ಪರೀಕ್ಷೆ ಬರೆದದ್ದು ಕನ್ನಡದಲ್ಲಿ, ಸೂಪರ್‌ವೈಸರ್‌ಗೆ ಉತ್ತರ ಕೊಡುವುದು ಕಲಿತಷ್ಟು ಹಿಂದಿಯಲ್ಲಿ. ರತ್ನ ತನ್ನ ಮದುವೆಯ ಕತೆಯನ್ನು ತಾನೇ ಹೇಳಲು ಕೂತರೆ ಈ ಮೂರೂ ಒಂದೇ ವಾಕ್ಯದಲ್ಲಿ ನುಗ್ಗಿ ಬರುತ್ತವೆ. ಅಂಥ ವಾಕ್ಯವನ್ನು ತಿದ್ದದೆ ಅಚ್ಚು ಮಾಡುವ ಸಂಪಾದಕರು ನಮ್ಮಲ್ಲಿ ಎಷ್ಟು ಜನ ಇದ್ದಾರೆ?