ಎರಡು ರಾಜ್ಯ, 410 ಹೋಟೆಲು: ಒಂದು ಹೋಲಿಕೆಯ ಪರಿಶೀಲನೆ

ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಬರುವ ವರದಿಗಳಲ್ಲಿ ಈ ಬಗೆಯದನ್ನು ನೀವು ನೋಡಿರುತ್ತೀರಿ. ಒಂದು ಹಳ್ಳಿಯಲ್ಲಿ ಶೌಚಾಲಯಗಳಿವೆ, ಪಕ್ಕದ ಹಳ್ಳಿಯಲ್ಲಿಲ್ಲ. ಮೊದಲನೆಯದರಲ್ಲಿ ಕಾಯಿಲೆ ಕಡಿಮೆ. ಆದ್ದರಿಂದ ಶೌಚಾಲಯವೇ ಕಾರಣ! ಶೌಚಾಲಯ ಕಟ್ಟುವ ಮೊದಲು ಎರಡೂ ಕಡೆ ಕಾಯಿಲೆ ಎಷ್ಟಿತ್ತು ಎಂದು ಕೇಳಿದರೆ ಉತ್ತರವಿರುವುದಿಲ್ಲ. ಇದು ಮಕ್ಕಳ ತಪ್ಪಲ್ಲ; ಮಾರ್ಗದರ್ಶಕರಾದ ನಾವು ಹೇಳಿಕೊಟ್ಟಿರುವುದಿಲ್ಲ. ಸಮಾಜವಿಜ್ಞಾನದ ಅಳತೆಗಳೇ ಸಡಿಲ ಎಂಬ ತಾತ್ಸಾರ ಬೇರೆ ನಮ್ಮಲ್ಲಿದೆ. ನನ್ನ ತಾತ್ಸಾರವನ್ನು ಕಡಿಮೆ ಮಾಡಿದ ಒಂದು ಪ್ರಬಂಧದ ಗುಣದೋಷಗಳನ್ನು ಇಲ್ಲಿ ನೋಡೋಣ.

ಅಮೆರಿಕದ ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಇದನ್ನು 1994ರಲ್ಲಿ ಪ್ರಕಟಿಸಿದರು. ಕನಿಷ್ಠ ವೇತನ ಏರಿಸಿದರೆ ಮಾಲೀಕರು ಕೆಲಸಗಾರರನ್ನು ಕಡಿಮೆ ಮಾಡುತ್ತಾರೆಯೆ ಎಂಬುದು ಪ್ರಶ್ನೆ. ನ್ಯೂಜೆರ್ಸಿ ರಾಜ್ಯ 1992ರ ಏಪ್ರಿಲ್ 1ರಿಂದ ಗಂಟೆಯ ಕನಿಷ್ಠ ವೇತನವನ್ನು 4.25 ಡಾಲರಿನಿಂದ 5.05ಕ್ಕೆ ಏರಿಸಿತು. ಡೆಲವೇರ್ ನದಿಯ ಆಚೆ ದಡದ ಪೆನ್ಸಿಲ್ವೇನಿಯದಲ್ಲಿ ಅದು 4.25ರಲ್ಲೇ ಉಳಿಯಿತು. ಸಂಶೋಧಕರು 410 ಫಾಸ್ಟ್‌ಫುಡ್ ಹೋಟೆಲುಗಳನ್ನು ಆರಿಸಿಕೊಂಡರು: ನ್ಯೂಜೆರ್ಸಿಯಲ್ಲಿ 331, ಪೂರ್ವ ಪೆನ್ಸಿಲ್ವೇನಿಯದಲ್ಲಿ 79. ವೇತನ ಏರುವ ಮೊದಲು ಒಮ್ಮೆ, ಏರಿದ ಏಳೆಂಟು ತಿಂಗಳ ಮೇಲೆ ಇನ್ನೊಮ್ಮೆ ಅವೇ ಹೋಟೆಲುಗಳನ್ನು ವಿಚಾರಿಸಿದರು. ನಡುವೆ ಮುಚ್ಚಿಹೋದವನ್ನು ಕೈಬಿಡದೆ ಲೆಕ್ಕಕ್ಕೆ ಹಿಡಿದರು. ಇದು ಸಣ್ಣ ವಿಷಯವಲ್ಲ. ಉಳಿದವರನ್ನಷ್ಟೇ ಎಣಿಸಿದರೆ ಫಲಿತಾಂಶ ತಾನಾಗಿ ಚೆನ್ನಾಗಿ ಕಾಣುತ್ತದೆ.

ಕೆಲೋರಿಮೀಟರಿನಿಂದ ಸೋರಿಹೋಗುವ ಉಷ್ಣವನ್ನು ತಿಳಿಯಲು ಪಕ್ಕದಲ್ಲಿ ಅಂಥದೇ ಇನ್ನೊಂದು ಪಾತ್ರೆ ಇಡಬಹುದಲ್ಲವೆ? ಪೆನ್ಸಿಲ್ವೇನಿಯ ಆ ಎರಡನೆಯ ಪಾತ್ರೆ. ಈಗ ಅಂಕಿಗಳನ್ನು ನೋಡಿ. ಇಬ್ಬರು ಅರೆಕಾಲಿಕರನ್ನು ಒಬ್ಬರೆಂದು ಎಣಿಸಿದಾಗ ನ್ಯೂಜೆರ್ಸಿಯ ಹೋಟೆಲೊಂದರ ಸರಾಸರಿ ನೌಕರರು 20.44ರಿಂದ 21.03ಕ್ಕೆ ಏರಿದರು. ಪೆನ್ಸಿಲ್ವೇನಿಯದಲ್ಲಿ 23.33ರಿಂದ 21.17ಕ್ಕೆ ಇಳಿದರು. ಎರಡು ಬದಲಾವಣೆಗಳ ಅಂತರ 2.76, ಅಂದರೆ ವೇತನ ಏರಿದ ಕಡೆ ಉದ್ಯೋಗ ಕುಸಿಯಲಿಲ್ಲ, ಹೋಲಿಕೆಯಲ್ಲಿ ಹೆಚ್ಚೇ ಆಯಿತು. ಪಠ್ಯಪುಸ್ತಕದ ನಿರೀಕ್ಷೆಗೆ ಇದು ವಿರುದ್ಧ.

ಆದರೆ ಪ್ರಯೋಗಶಾಲೆಯ ದಾಖಲೆ ಪುಸ್ತಕ ತಿದ್ದುವವರು ಇಲ್ಲಿ ನಿಲ್ಲಬೇಕು. ಆ 2.76ರ ಪ್ರಮಾಣಿತ ದೋಷ 1.36, ಹೆಚ್ಚುಕಡಿಮೆ ಅರ್ಧದಷ್ಟು. ನ್ಯೂಜೆರ್ಸಿಯ ಏರಿಕೆ ಬರಿಯ 0.59, ಅದರ ದೋಷ 0.54. ಫಲಿತಾಂಶದ ಬಹುಪಾಲು ಬಂದಿರುವುದು ವೇತನ ಏರದ ಪೆನ್ಸಿಲ್ವೇನಿಯದ ಇಳಿಕೆಯಿಂದ! ಅಲ್ಲಿದ್ದುದು 79 ಹೋಟೆಲು ಮಾತ್ರ. ಮೊದಲ ಅಳತೆಯೇ ಆಕಸ್ಮಿಕವಾಗಿ ಹೆಚ್ಚು ಬಂದಿದ್ದರೆ? ಮುಂಚಿನ ವರ್ಷಗಳಲ್ಲಿ ಎರಡು ರಾಜ್ಯಗಳೂ ಜೊತೆಜೊತೆಗೆ ಸಾಗುತ್ತಿದ್ದವೆ? ಹಿಂದಿನ ಅಳತೆ ಒಂದೇ ಇರುವುದರಿಂದ ಈ ಸಮೀಕ್ಷೆ ಉತ್ತರಿಸಲಾರದು. ಒಂದು ಬಿಂದುವಿನಿಂದ ಓಟ ತಿಳಿಯುವುದಿಲ್ಲ.

ಲೇಖಕರಿಗೂ ಈ ಶಂಕೆ ಇದ್ದಿರಬೇಕು. ನನಗೆ ಹೆಚ್ಚು ಮೆಚ್ಚಿಕೆಯಾದ ಭಾಗ ಇದೇ: ನ್ಯೂಜೆರ್ಸಿಯ ಒಳಗೇ ಅವರು ಇನ್ನೊಂದು ಹೋಲಿಕೆ ಇಟ್ಟರು. ಮೊದಲೇ 5 ಡಾಲರ್ ಅಥವಾ ಹೆಚ್ಚು ಕೊಡುತ್ತಿದ್ದ ಹೋಟೆಲುಗಳಿಗೆ ಹೊಸ ಕಾನೂನು ತಟ್ಟಿದ್ದು ಅತ್ಯಲ್ಪ. ಅವುಗಳಲ್ಲಿ ನೌಕರರು 2.04ರಷ್ಟು ಇಳಿದರು, ಪೆನ್ಸಿಲ್ವೇನಿಯದ ಇಳಿಕೆಗೆ ತೀರ ಹತ್ತಿರ. 4.25 ಕೊಡುತ್ತಿದ್ದಲ್ಲಿ 1.32ರಷ್ಟು ಏರಿದರು. ಪೆನ್ಸಿಲ್ವೇನಿಯದ ಇಳಿಕೆ ಅಲ್ಲಿಯದೇ ವಿಶೇಷವಲ್ಲ ಎನ್ನಲು ಇದು ಗಟ್ಟಿ ಆಧಾರ. ಆದರೂ ಒಂದು ಮಾತು: ಇಳಿದ ಎರಡೂ ಗುಂಪುಗಳು ಮೊದಲು ಎತ್ತರದಲ್ಲಿದ್ದವು, ಏರಿದ ಗುಂಪು ತಗ್ಗಿನಲ್ಲಿತ್ತು; ಕೊನೆಗೆ ಎಲ್ಲವೂ 20 ಮತ್ತು 21ರ ಆಸುಪಾಸಿಗೆ ಬಂದವು. ಇದರಲ್ಲಿ ವೇತನದ ಪಾತ್ರವೆಷ್ಟು, ಸರಾಸರಿಯತ್ತ ಮರಳುವ ಸಹಜ ಒಲವೆಷ್ಟು ಎಂಬ ಅನುಮಾನ ನನಗೆ ಪೂರ್ತಿ ಹೋಗಿಲ್ಲ.

ಮುಂದೆ ವಿವಾದ ಎದ್ದಿತು. ಡೇವಿಡ್ ನ್ಯೂಮಾರ್ಕ್ ಮತ್ತು ವಿಲಿಯಂ ವಾಷರ್ ದೂರವಾಣಿಯ ಉತ್ತರ ನಂಬಲರ್ಹವಲ್ಲವೆಂದು ಸಂಬಳದ ದಾಖಲೆಗಳನ್ನು ತರಿಸಿ, ಉದ್ಯೋಗ ಇಳಿಯಿತೆಂದು 2000ದಲ್ಲಿ ಬರೆದರು. ಕಾರ್ಡ್ ಮತ್ತು ಕ್ರೂಗರ್ ಸರ್ಕಾರಿ ದಾಖಲೆಗಳನ್ನು ಹಿಡಿದು ಅದೇ ವರ್ಷ ಮರುತ್ತರ ಕೊಟ್ಟರು: ಹೆಚ್ಚಳ ಇರಲಿಕ್ಕಿಲ್ಲ, ಕುಸಿತವಂತೂ ಕಾಣದು. ಮೊದಲಿನ ದನಿ ತುಸು ತಗ್ಗಿತು ಎನ್ನಬಹುದು. ಕ್ರೂಗರ್ 2019ರಲ್ಲಿ ತೀರಿಕೊಂಡರು. ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಂದಿತು.

ಒಂದೇ ಗಡಿಯನ್ನು ನೆಚ್ಚಿಕೊಂಡದ್ದೇ ಈ ಅಧ್ಯಯನದ ದೊಡ್ಡ ಕೊರತೆ. 410 ಹೋಟೆಲುಗಳಿದ್ದರೂ ಕಾನೂನಿನ ದೃಷ್ಟಿಯಿಂದ ಪ್ರಯೋಗ ನಡೆದದ್ದು ಒಂದೇ ಸಲ. ಅರಿಂದ್ರಜಿತ್ ದುಬೆ ಮತ್ತು ಸಂಗಡಿಗರು 2010ರಲ್ಲಿ ಇದನ್ನು ತುಂಬಿದರು: ಅಮೆರಿಕದ ರಾಜ್ಯಗಡಿಗಳ ಉದ್ದಕ್ಕೂ ಅಕ್ಕಪಕ್ಕದ ಕೌಂಟಿಗಳನ್ನು ಜೋಡಿ ಮಾಡಿ, 1990ರಿಂದ 2006ರವರೆಗಿನ ಮಾಹಿತಿಯನ್ನು ಹೋಲಿಸಿದರು. ಅಲ್ಲೂ ಉದ್ಯೋಗದ ಕುಸಿತ ಕಾಣಲಿಲ್ಲ. ಕಾರ್ಡ್ ತಮ್ಮ 410 ಹೋಟೆಲುಗಳ ಮೂಲ ಮಾಹಿತಿಯನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟಿದ್ದಾರೆ. ಸಂಖ್ಯಾಶಾಸ್ತ್ರ ಕಲಿಯುವ ನಿಮ್ಮ ವಿದ್ಯಾರ್ಥಿಗಳಿಗೆ ಕೊಡಿ. ಪೆನ್ಸಿಲ್ವೇನಿಯವನ್ನು ಪಕ್ಕಕ್ಕಿಟ್ಟರೆ ಏನು ಉಳಿಯುತ್ತದೆಂದು ಅವರೇ ಲೆಕ್ಕ ಹಾಕಲಿ.