ಉತ್ತರವೂ ಉಪಪತ್ತಿಯೂ: ಗೂಢ ಪದಬಂಧವನ್ನು ಬಿಡಿಸುವ ಕ್ರಮದ ಒಂದು ವಿಮರ್ಶೆ

ಇಂಗ್ಲಿಷ್ ಪತ್ರಿಕೆಗಳ ಗೂಢ ಪದಬಂಧವನ್ನು ಬಿಡಿಸುವುದು ವಿರಾಮಕಾಲದ ವಿನೋದವೆಂದು ಸಾಮಾನ್ಯವಾಗಿ ಎಣಿಸಲಾಗುತ್ತದೆ. ಆದರೆ ಆ ವಿನೋದದಲ್ಲಿ ಪ್ರಮಾಣವಿಚಾರವೊಂದು ಅಡಗಿರುವುದನ್ನು ಚರಿತ್ರೆಯ ವಿದ್ಯಾರ್ಥಿಗಳು ಗಮನಿಸತಕ್ಕದ್ದು. ಶಾಸನದ ತ್ರುಟಿತ ಭಾಗವನ್ನು ಊಹಿಸಿ ತುಂಬುವ ಸಂಪಾದಕನೂ ಪದಬಂಧದ ಬರಿಯ ಮನೆಗಳನ್ನು ತುಂಬುವವನೂ ಎದುರಿಸುವ ಪ್ರಶ್ನೆ ಒಂದೇ: ತುಂಬಿದುದು ಸರಿಯೆಂದು ತಿಳಿಯುವುದು ಹೇಗೆ?

ಪದಬಂಧವು ಮೊದಲು ಅಚ್ಚಾದುದು 1913ರ ಡಿಸೆಂಬರ್ 21ರಂದು, ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ. ಅದರ ಕರ್ತೃ ಆರ್ಥರ್ ವಿನ್. ಅದರ ಸುಳಿವುಗಳು ನಿಘಂಟಿನ ಅರ್ಥಗಳಂತೆ ಸರಳವಾಗಿದ್ದುವು. ಅವನ್ನು ಗೂಢಗೊಳಿಸಿದವರು ಇಂಗ್ಲೆಂಡಿನವರು. ‘ಟಾರ್ಕೆಮಾಡ’ ಎಂಬ ಗುಪ್ತನಾಮದ ಎಡ್ವರ್ಡ್ ಪೋವಿಸ್ ಮೇದರ್ಸ್ 1926ರಿಂದ 1939ರವರೆಗೆ ‘ಅಬ್ಸರ್ವರ್’ ಪತ್ರಿಕೆಗೆ ರಚಿಸಿದ ಬಂಧಗಳು ಪ್ರಸಿದ್ಧವಾದುವು; ಅವುಗಳಲ್ಲಿ ಕೆಲವು ಸುಳಿವುಗಳು ರಚಿಸಿದವನಿಗಲ್ಲದೆ ಅನ್ಯರಿಗೆ ನಿಲುಕುವಂಥವಲ್ಲ. ಈ ಸ್ವೇಚ್ಛೆಗೆ ಕಟ್ಟುಪಾಡು ವಿಧಿಸಿದವರು ‘ಕ್ಸಿಮಿನೀಸ್’ ಎಂದು ಹೆಸರಿಟ್ಟುಕೊಂಡ ಡಿ. ಎಸ್. ಮ್ಯಾಕ್‌ನಟ್. ಗ್ರೀಕ್ ಮತ್ತು ಲ್ಯಾಟಿನ್ ಸಾಹಿತ್ಯಗಳ ಈ ಅಧ್ಯಾಪಕರು 1966ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಸುಳಿವಿನಲ್ಲಿ ಉತ್ತರದ ನಿಷ್ಕೃಷ್ಟವಾದ ಲಕ್ಷಣವಿರಬೇಕು, ನ್ಯಾಯವಾದ ಅಕ್ಷರಚಮತ್ಕಾರವಿರಬೇಕು, ಇವೆರಡರ ಹೊರತು ಮತ್ತೇನೂ ಇರಕೂಡದು ಎಂಬ ತತ್ತ್ವವನ್ನು ಸ್ಥಾಪಿಸಿದರು.

ಈ ತತ್ತ್ವದ ಬೆಲೆ ನನಗೆ ತಿಳಿದುದು ಸ್ವಂತ ತಪ್ಪಿನಿಂದ. ಮನೆ ತನ್ನ ತಲೆಯನ್ನು ಕಳೆದುಕೊಂಡರೆ ‘ಫ್ಲವರ್’ ಆಗುವುದೆಂಬ ಅರ್ಥದ, ನಾಲ್ಕಕ್ಷರದ ಉತ್ತರವುಳ್ಳ ಸುಳಿವೊಂದು ಎದುರಾಯಿತು. ಕೊನೆಯ ಅಕ್ಷರ ‘ಇ’ ಎಂಬುದು ಅಡ್ಡಹಾಯುವ ಪದದಿಂದ ಮೊದಲೇ ದೊರೆತಿತ್ತು. ನಾನು ನಿಸ್ಸಂಶಯವಾಗಿ ‘ರೋಸ್’ ಎಂದು ಬರೆದೆನು. ಹೂವಿನ ಹೆಸರು, ನಾಲ್ಕು ಅಕ್ಷರ, ಕೊನೆಗೆ ‘ಇ’, ಇನ್ನೇನು ಬೇಕು? ಎರಡನೆಯ ಮನೆಯಲ್ಲಿ ‘ಓ’ ಇದೆಯೆಂದು ನಂಬಿ, ಅದರ ಮೂಲಕ ಹಾಯುವ ಪದವನ್ನು ಎರಡು ದಿನ ವ್ಯರ್ಥವಾಗಿ ಹುಡುಕಿದ್ದಾಯಿತು. ಸುಳಿವಿನಲ್ಲಿದ್ದ ‘ಮನೆ’ಗೂ ‘ತಲೆ’ಗೂ ನನ್ನ ಉತ್ತರದಲ್ಲಿ ಯಾವ ಕೆಲಸವೂ ಇಲ್ಲವೆಂಬುದು ಆಮೇಲೆ ಹೊಳೆಯಿತು. ಮನೆಯೆಂದರೆ ‘ಹೌಸ್’, ಅದರ ಆದ್ಯಕ್ಷರವಾದ ‘ಎಚ್’ ಹೋದರೆ ಉಳಿಯುವುದು ಓ, ಯು, ಎಸ್, ಇ, ಎಂದರೆ ಇಂಗ್ಲೆಂಡಿನ ಊಸ್ ನದಿ. ‘ಫ್ಲೋ’ ಎಂದರೆ ಹರಿ, ಹರಿಯುವುದು ‘ಫ್ಲವರ್’. ಹೂವಿಗೂ ಹೊಳೆಗೂ ಒಂದೇ ವರ್ಣವಿನ್ಯಾಸ, ಉಚ್ಚಾರ ಮಾತ್ರ ಬೇರೆ. ‘ರೋಸ್’ ಎಂಬುದು ಕೇವಲ ಉತ್ತರ. ‘ಊಸ್’ ಎಂಬುದು ಉಪಪತ್ತಿಯುಳ್ಳ ಉತ್ತರ. ಸುಳಿವಿನ ಒಂದು ಶಬ್ದವೂ ಅಲ್ಲಿ ಮಿಗುವುದಿಲ್ಲ.

ನ್ಯಾಯಾನ್ಯಾಯಗಳ ಈ ವಿವೇಚನೆ ನಮ್ಮ ಅಲಂಕಾರಶಾಸ್ತ್ರಕ್ಕೆ ಹೊಸದಲ್ಲ. ದಂಡಿಯು ಕಾವ್ಯಾದರ್ಶದ ತೃತೀಯ ಪರಿಚ್ಛೇದದಲ್ಲಿ ಪೂರ್ವಾಚಾರ್ಯರು ಹೇಳಿದ 16 ಪ್ರಹೇಳಿಕೆಗಳನ್ನು ನಿರೂಪಿಸಿ, ಅವರೇ ಗುರುತಿಸಿದ 14 ದುಷ್ಟಪ್ರಹೇಳಿಕೆಗಳನ್ನು, ದೋಷಗಳಿಗೆ ಕೊನೆಯಿಲ್ಲವೆಂದು, ವಿವರಿಸದೆ ಬಿಡುತ್ತಾನೆ. ಆ 14ರ ಲಕ್ಷಣಗಳನ್ನೂ ಆತನು ಹೇಳಿದ್ದರೆ ಇಂದಿನ ನಮ್ಮ ಚರ್ಚೆಗೆ ಎಷ್ಟೋ ಉಪಕಾರವಾಗುತ್ತಿತ್ತು.

‘ಟೈಮ್ಸ್’ ಪತ್ರಿಕೆಯ ದಿನನಿತ್ಯದ ಬಂಧಕ್ಕೆ ಉದ್ದಗಲ ಹದಿನೈದು ಮನೆಗಳಾದರೆ, ‘ಜಂಬೋ’ ಎಂಬ ಅದರ ಮಹಾಬಂಧಕ್ಕೆ ಹಿಂದೆ ಇಪ್ಪತ್ತೇಳು ಇದ್ದುವು. ಕಪ್ಪು ಮನೆಗಳೂ ಸೇರಿ ಒಟ್ಟು 729. ಈ ಸಂಖ್ಯೆಯು ಕನ್ನಡಿಗರಿಗೆ ಇನ್ನೊಂದು ಬಂಧವನ್ನು ನೆನಪಿಗೆ ತರುವುದು. ಕುಮುದೇಂದು ಮುನಿಯ ‘ಸಿರಿಭೂವಲಯ’ದ ಒಂದೊಂದು ಚಕ್ರವೂ 27ರ ಉದ್ದಗಲದ್ದು, 729 ಮನೆಗಳದ್ದು. ಅಲ್ಲಿ ಅಕ್ಷರಗಳಿಲ್ಲ, 1ರಿಂದ 64ರವರೆಗಿನ ಅಂಕಗಳಿವೆ. 27 ಸ್ವರ, 33 ವ್ಯಂಜನ, 4 ಯೋಗವಾಹ, ಹೀಗೆ 64 ಧ್ವನಿಗಳಿಗೆ 64 ಅಂಕಗಳು. ನಮ್ಮ ಪತ್ರಿಕೆಗಳ ಪದಬಂಧದಲ್ಲಿ ಒಂದು ಮನೆಗೆ ಗುಣಿತವೂ ಒತ್ತೂ ಕೂಡಿದ ಇಡೀ ಅಕ್ಷರವನ್ನು ಬರೆಯುತ್ತೇವೆ. ಆದುದರಿಂದಲೇ ಅಕ್ಷರಪಲ್ಲಟದ ಚಮತ್ಕಾರ ಕನ್ನಡದಲ್ಲಿ ಸುಲಭವಲ್ಲ. ಸಿರಿಭೂವಲಯದಲ್ಲಾದರೋ ಸ್ವರವ್ಯಂಜನಗಳು ಬಿಡಿಬಿಡಿಯಾಗಿ ನಿಲ್ಲುವುದರಿಂದ ಅದರ ಮನೆ ಇಂಗ್ಲಿಷ್ ಪದಬಂಧದ ಮನೆಯನ್ನೇ ಹೋಲುತ್ತದೆ.

1953ರಲ್ಲಿ ಪಂಡಿತ ಯಲ್ಲಪ್ಪ ಶಾಸ್ತ್ರಿಗಳು ಮತ್ತು ಕರ್ಲಮಂಗಲಂ ಶ್ರೀಕಂಠಯ್ಯನವರ ಪರಿಶ್ರಮದಿಂದ ಈ ಗ್ರಂಥದ ಭಾಗವು ಬೆಳಕಿಗೆ ಬಂದಿತು. ಅವರ ಉತ್ತರಗಳಿಗೆ ಉಪಪತ್ತಿಯುಂಟೆ? ಅಂಕಗಳನ್ನು ‘ಬಂಧ’ವೆಂಬ ಚಲನಕ್ರಮದಲ್ಲಿ ಓದಿದಾಗ ಕನ್ನಡ ಸಾಂಗತ್ಯ ದೊರೆಯುತ್ತದೆ, ಛಂದಸ್ಸೂ ಪ್ರಾಸವೂ ಇಲ್ಲಿ ಅಡ್ಡಹಾಯುವ ಪದಗಳಂತೆ ಓದನ್ನು ಪರೀಕ್ಷಿಸುತ್ತವೆ. ಪದ್ಯಗಳ ಆದ್ಯಕ್ಷರಗಳನ್ನು ಮೇಲಿನಿಂದ ಕೆಳಕ್ಕೆ ಓದಿದರೆ ಪ್ರಾಕೃತವೂ, ನಡುವಣ ಅಕ್ಷರಗಳಿಂದ ಸಂಸ್ಕೃತವೂ ಹೊರಡುವುದೆಂದು ತೋರಿಸಲಾಗಿದೆ. ಸ್ಥಾನವು ಮೊದಲೇ ಗೊತ್ತಾಗಿರುವವರೆಗೆ ಇದು ನ್ಯಾಯವಾದ ಓದು. ಇಷ್ಟನ್ನು ಅಂಗೀಕರಿಸಲು ನನಗೆ ಅಡ್ಡಿಯಿಲ್ಲ. ಗ್ರಂಥದಲ್ಲಿ 718 ಭಾಷೆಗಳು ಅಡಗಿವೆಯೆಂಬ ಮಾತು ಬೇರೆ ಜಾತಿಯದು. ಓದುವ ದಾರಿಯನ್ನು ಫಲ ಕಂಡ ಮೇಲೆ ಆಯ್ದುಕೊಳ್ಳುವ ಸ್ವಾತಂತ್ರ್ಯವಿದ್ದರೆ, 729 ಮನೆಗಳಿಂದ ಬೇಕಾದ ಶಬ್ದವನ್ನು ಹೊರಡಿಸಬಹುದು. ಅದು ನನ್ನ ‘ರೋಸ್’ ಇದ್ದಂತೆ.

ಕಾಲನಿರ್ಣಯದ ಪ್ರಶ್ನೆಯೂ ಇದರೊಡನೆ ಬೆರೆಯಕೂಡದು. ಬಂಧ ಸರಿಯಾಗಿ ಬಿಟ್ಟಿತೆಂದ ಮಾತ್ರಕ್ಕೆ ಅದನ್ನು ಕಟ್ಟಿದವನ ಕಾಲ ಸಿದ್ಧವಾಗುವುದಿಲ್ಲ. ಗ್ರಂಥವನ್ನು ಅಮೋಘವರ್ಷನ ಕಾಲಕ್ಕೆ, ಎಂದರೆ 9ನೆಯ ಶತಮಾನಕ್ಕೆ, ಒಯ್ಯುವವರು ಸಾಂಗತ್ಯವು ಕನ್ನಡ ಕಾವ್ಯಗಳಲ್ಲಿ ವಿಪುಲವಾಗಿ ಬಳಕೆಗೆ ಬಂದುದು 15-16ನೆಯ ಶತಮಾನಗಳಲ್ಲಿ ಎಂಬ ಸಂಗತಿಗೆ ಸಮಾಧಾನ ಹೇಳಬೇಕಾಗುತ್ತದೆ. ಸುಳಿವಿನಲ್ಲಿ ಮಿಕ್ಕುಳಿದ ಶಬ್ದದಂತೆ ಈ ಸಂಗತಿ ಹಾಗೆಯೇ ನಿಂತಿದೆ.

ಪರೀಕ್ಷೆಗೆ ಮಾರ್ಗ ಕಠಿನವಲ್ಲ. ಒಂದು ಚಕ್ರದ ಅಂಕಗಳನ್ನೂ, ಧ್ವನಿಗಳ ಪಟ್ಟಿಯನ್ನೂ, ಚಲನಕ್ರಮವನ್ನೂ ಮಾತ್ರ ಕೊಟ್ಟು, ಮುದ್ರಿತ ಪಾಠವನ್ನು ಮುಚ್ಚಿಟ್ಟು, ಇಬ್ಬರು ವಿದ್ಯಾರ್ಥಿಗಳಿಂದ ಪ್ರತ್ಯೇಕವಾಗಿ ಓದಿಸಿ, ಮೂರನ್ನೂ ಸಾಲುಸಾಲಾಗಿ ಹೋಲಿಸಬಹುದು. ನಮ್ಮ ವಿಭಾಗದಲ್ಲಿ ಮುಂದಿನ ವರ್ಷ ಒಂದು ಚಕ್ರಕ್ಕಾದರೂ ಈ ಕೆಲಸ ನಡೆಯಲೆಂದು ಕೋರುತ್ತೇನೆ; ಭಿನ್ನಪಾಠಗಳು ಬಂದರೆ ಅವನ್ನೂ ಇದೇ ಸಂಚಿಕೆಯಲ್ಲಿ ಅಚ್ಚುಮಾಡತಕ್ಕದ್ದು.