ಒಂದು ರಾತ್ರಿಗೆ ಟೆಂಟು ಬೇಡ

ಶಿಕಾಗೋದಿಂದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ರಸ್ತೆಯಲ್ಲಿ ಸುಮಾರು 1,400 ಮೈಲಿ. ಶಾಲೆಗಳಿಗೆ ಬೇಸಿಗೆ ರಜೆ ಬಿಟ್ಟ ಮೇಲೆ ಈ ದಾರಿ ಹಿಡಿಯುವ ಅಮೆರಿಕದ ಕುಟುಂಬಗಳಲ್ಲಿ ಅಲ್ಲಿ ನೆಲೆಸಿರುವ ಕನ್ನಡದವರೂ ಇದ್ದಾರೆ. ಊರಿನಿಂದ ಬಂದ ಅಜ್ಜ ಅಜ್ಜಿಯೂ ಎಷ್ಟೋ ಸಲ ಅದೇ ಗಾಡಿಯಲ್ಲಿರುತ್ತಾರೆ. ಇಂಥ ಪ್ರಯಾಣಕ್ಕೆ ಹಾಕುವ ಯೋಜನೆಗಳೆಲ್ಲ ಬಹುಮಟ್ಟಿಗೆ ಒಂದೇ ಅಚ್ಚಿನವು. ನೋಡಬೇಕಾದ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸುವುದು, ನಡುವಿನ ಮೈಲಿಗಳನ್ನು ದಿನಗಳಿಗೆ ಹಂಚುವುದು, ಆಯಾ ದಿನದ ಮೈಲಿ ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಹತ್ತಿರದ ಕ್ಯಾಂಪ್‌ಗ್ರೌಂಡಿನಲ್ಲಿ ಒಂದು ರಾತ್ರಿಗೆ ಜಾಗ ಕಾದಿರಿಸುವುದು. ಲಾಕ್ರಾಸ್‌ನಲ್ಲೊಂದು ರಾತ್ರಿ, ಸೂ ಫಾಲ್ಸ್‌ನಲ್ಲೊಂದು, ಬ್ಯಾಡ್‌ಲ್ಯಾಂಡ್ಸ್‌ನಲ್ಲೊಂದು, ಡೆವಿಲ್ಸ್ ಟವರ್ ಬಳಿ ಇನ್ನೊಂದು, ಕೋಡಿಯಲ್ಲಿ ಮತ್ತೊಂದು. ಹಾಳೆಯ ಮೇಲೆ ನೋಡಿದರೆ ಎಲ್ಲ ಅಚ್ಚುಕಟ್ಟಾಗಿಯೇ ಇದೆ. ಆದರೆ ಈ ಪದ್ಧತಿಯ ಬುಡದಲ್ಲೇ ಒಂದು ತಪ್ಪು ಎಣಿಕೆಯಿದೆ. ಕ್ಯಾಂಪ್‌ಗ್ರೌಂಡನ್ನು ಅದು ಅಗ್ಗದ ವಸತಿಗೃಹವೆಂದು ಲೆಕ್ಕ ಹಾಕುತ್ತದೆ. ಟೆಂಟು ಹೂಡುವವರ ಪಾಲಿಗೆ ಕ್ಯಾಂಪ್‌ಗ್ರೌಂಡು ಹೋಗಿ ಸೇರಬೇಕಾದ ಊರೇ ಹೊರತು ದಾರಿಯಲ್ಲಿ ತಲೆಯೂರುವ ಛತ್ರವಲ್ಲ.

ಒಂದು ರಾತ್ರಿಯ ಟೆಂಟಿನ ವಾಸದಲ್ಲಿ ಏನೇನು ಕೆಲಸವಿದೆಯೆಂದು ಬಿಡಿಸಿ ನೋಡಬೇಕು. ಗಾಡಿಯಿಂದ ಸಾಮಾನು ಇಳಿಸಬೇಕು, ಸಮನಾದ ನೆಲ ಹುಡುಕಿ ಟೆಂಟು ಎಬ್ಬಿಸಬೇಕು, ಹಾಸಿಗೆಗೆ ಗಾಳಿ ತುಂಬಬೇಕು, ಒಲೆ ಹೂಡಿ ಅಡುಗೆ ಮಾಡಬೇಕು, ಪಾತ್ರೆ ತೊಳೆಯಬೇಕು. ಕರಡಿಗಳಿರುವ ಪ್ರದೇಶವಾದರೆ ಅಕ್ಕಿ, ಉಪ್ಪಿನಕಾಯಿಯಿಂದ ಹಿಡಿದು ಹಲ್ಲುಜ್ಜುವ ಪೇಸ್ಟಿನವರೆಗೆ ವಾಸನೆ ಬರುವುದನ್ನೆಲ್ಲ ಉಕ್ಕಿನ ಪೆಟ್ಟಿಗೆಗೋ ಗಾಡಿಯೊಳಕ್ಕೋ ಸೇರಿಸಿ ಬೀಗ ಹಾಕಬೇಕು. ಬೆಳಿಗ್ಗೆ ಇದಿಷ್ಟನ್ನೂ ತಿರುಗಾಮುರುಗಾ ಮಾಡಬೇಕು, ಅದೂ ಇಬ್ಬನಿಗೆ ನೆನೆದ ಟೆಂಟನ್ನು ಮಡಿಚುತ್ತ. ಪಳಗಿದ ಕೈಗಳಿಗೂ ಸಂಜೆ, ಬೆಳಿಗ್ಗೆ ಸೇರಿ ಎರಡು ಮೂರು ಗಂಟೆ ಹಿಡಿಯುವ ದುಡಿಮೆ ಇದು. ಒಂದೇ ಕಡೆ ಮೂರು ರಾತ್ರಿ ಇದ್ದರೆ ಈ ದುಡಿಮೆ ಮೂರು ರಾತ್ರಿಗಳಿಗೆ ಹಂಚಿಹೋಗುತ್ತದೆ, ನಡುವೆ ಎರಡು ಪೂರ್ತಿ ಹಗಲು ಕೈಗೆ ಸಿಗುತ್ತವೆ. ಒಂದೇ ರಾತ್ರಿಯಾದರೆ ಅಷ್ಟೂ ಆ ರಾತ್ರಿಯ ತಲೆಗೇ ಬೀಳುತ್ತದೆ, ನಡುವೆ ಸಿಗುವುದು ನಿದ್ದೆ ಮಾತ್ರ. ಹೊಳೆಯ ದಂಡೆ, ಕಾಡಿನ ಕಾಲುದಾರಿ, ನಕ್ಷತ್ರ ತುಂಬಿದ ಆಕಾಶ ಎಂದು ಯಾವುದಕ್ಕಾಗಿ ಕ್ಯಾಂಪ್‌ಗ್ರೌಂಡನ್ನು ಆರಿಸಿಕೊಂಡದ್ದೋ ಅದು ಕತ್ತಲಲ್ಲಿ ಬಂದು ಬೆಳಿಗ್ಗೆ ಎಂಟಕ್ಕೆ ಹೊರಡುವವರ ಕಣ್ಣಿಗೆ ಬೀಳುವುದೇ ಇಲ್ಲ.

ಅಮೆರಿಕದ ರಸ್ತೆಯ ಇತಿಹಾಸವೇ ಇದಕ್ಕೆ ಸಾಕ್ಷಿ. ಕಾರು ಮಧ್ಯಮ ವರ್ಗದ ಕೈಗೆಟುಕಿದ 1920ರ ದಶಕದಲ್ಲಿ ಪ್ರಯಾಣಿಕರು ಟೆಂಟು ಕಟ್ಟಿಕೊಂಡೇ ಹೊರಡುತ್ತಿದ್ದರು. ಪಟ್ಟಣಗಳು ಅವರನ್ನು ಸೆಳೆಯಲು ಪುರಸಭೆಯ ಜಾಗದಲ್ಲಿ ಬಿಟ್ಟಿ ಶಿಬಿರಗಳನ್ನು ತೆರೆದವು, ಬರಬರುತ್ತ ಶುಲ್ಕ ಹಾಕಿದವು. ಖಾಸಗಿಯವರು ಪಕ್ಕದಲ್ಲೇ ಮರದ ಪುಟ್ಟ ಕೋಣೆಗಳನ್ನು ಕಟ್ಟಿದರು. ನಾಳೆ ಮತ್ತೆ ಇನ್ನೂರು ಮೈಲಿ ಓಡಿಸಬೇಕಾದವನು ಟೆಂಟು ಬಿಟ್ಟು ಕೋಣೆಗೆ ನಡೆದ. ಮೋಟೆಲ್ ಎಂಬ ಹೆಸರು ಹೊತ್ತ ಮೊದಲ ಕಟ್ಟಡ ಕ್ಯಾಲಿಫೋರ್ನಿಯಾದ ಸ್ಯಾನ್ ಲೂಯಿ ಒಬಿಸ್ಪೋದಲ್ಲಿ 1925ರಲ್ಲೇ ಎದ್ದಿತು. ದಾರಿಯ ರಾತ್ರಿಗೆ ಟೆಂಟು ಒಗ್ಗುವುದಿಲ್ಲ ಎಂಬುದನ್ನು ಆ ಕಾಲದ ಪ್ರಯಾಣಿಕರು ಕೆಲವೇ ವರ್ಷಗಳಲ್ಲಿ ಕಂಡುಕೊಂಡಿದ್ದರು. ಇಂದಿನ ಯೋಜನಾಪಟ್ಟಿಗಳು ಆ ಪಾಠವನ್ನು ಮರೆತು ಮತ್ತೆ ಮೊದಲಿನಿಂದ ಶುರುಮಾಡಿವೆ.

ಇಲ್ಲೊಂದು ನ್ಯಾಯವಾದ ಆಕ್ಷೇಪವಿದೆ. ದಾರಿಹೋಕರ ಒಂದು ರಾತ್ರಿಗೆಂದೇ ಮಾಡಿದ ಕ್ಯಾಂಪ್‌ಗ್ರೌಂಡುಗಳು ಇವೆಯಲ್ಲ? ಇವೆ. ಕೆಓಎ ಎಂಬ ಖಾಸಗಿ ಸರಪಳಿ ಹುಟ್ಟಿದ್ದೇ ಹಾಗೆ: 1962ರಲ್ಲಿ ಸಿಯಾಟಲ್ ವಿಶ್ವಮೇಳಕ್ಕೆ ಹೋಗುವವರ ಗಾಡಿಗಳು ಮೊಂಟಾನಾದ ಬಿಲ್ಲಿಂಗ್ಸ್ ಹಾಯ್ದು ಹೋಗುವುದನ್ನು ಕಂಡವರು ಯೆಲ್ಲೋಸ್ಟೋನ್ ನದಿಯ ದಂಡೆಯಲ್ಲಿ ಅದನ್ನು ಆರಂಭಿಸಿದರು. ಇಂದು ಅದೇ ಸರಪಳಿ ತನ್ನ ಕ್ಯಾಂಪ್‌ಗ್ರೌಂಡುಗಳನ್ನು ಜರ್ನಿ, ಹಾಲಿಡೇ, ರೆಸಾರ್ಟ್ ಎಂದು ಮೂರು ಬಗೆಯಾಗಿ ವಿಂಗಡಿಸಿದೆ. ಮೊದಲನೆಯದು ಹೆದ್ದಾರಿಯ ಮಗ್ಗುಲಲ್ಲೇ ಇದ್ದು ದಾರಿಹೋಕರಿಗೆ ಮೀಸಲು. ಆದರೆ ಅಲ್ಲಿ ಎದ್ದು ಕಾಣುವ ಸೌಕರ್ಯವೆಂದರೆ ಗಾಡಿ ಹಿಂದೆ ಸರಿಸದೆ ಒಂದು ಕಡೆ ನುಗ್ಗಿ ಇನ್ನೊಂದು ಕಡೆ ಹೊರಬೀಳಬಹುದಾದ ಉದ್ದನೆಯ ನಿಲುಗಡೆ. ಅದು ಬೇಕಾದದ್ದು ಟ್ರೇಲರು, ಆರ್‌ವಿ ಇರುವವರಿಗೆ. ಅವರ ಮನೆ ಅವರ ಜತೆಗೇ ಬರುತ್ತದೆ, ನೀರು, ವಿದ್ಯುತ್ತು ಜೋಡಿಸಿದರೆ ಮುಗಿಯಿತು. ಅವರ ಮಟ್ಟಿಗೆ ನನ್ನ ವಾದ ನಿಲ್ಲುವುದಿಲ್ಲ, ಒಪ್ಪಿದೆ. ಟೆಂಟಿನವರು ಮಾತ್ರ ಅವರ ಯೋಜನೆಯನ್ನು ಎರವಲು ತರಬಾರದು.

ಎರವಲು ತರುವುದಂತೂ ಧಾರಾಳವಾಗಿ ನಡೆದಿದೆ. ಆರ್‌ವಿ ಪ್ರಯಾಣಿಕರ ನಡುವೆ ಚಾಲ್ತಿಯಲ್ಲಿರುವ 3-3-3 ಎಂಬ ಸೂತ್ರ ಹೀಗಿದೆ: ದಿನಕ್ಕೆ ಮುನ್ನೂರು ಮೈಲಿಗಿಂತ ಹೆಚ್ಚು ಓಡಿಸಬೇಡ, ಮಧ್ಯಾಹ್ನ ಮೂರರೊಳಗೆ ತಲುಪು, ತಲುಪಿದ ಕಡೆ ಮೂರು ರಾತ್ರಿ ಇರು. ಕೇಳಲು ಹಿತವಾಗಿದೆ. ಲೆಕ್ಕ ಹಾಕಿ ನೋಡಿದರೆ ಮಾತ್ರ ಶಿಕಾಗೋದಿಂದ ಯೆಲ್ಲೋಸ್ಟೋನಿಗೆ ಐದು ಹಂತ. ನಡುವಿನ ನಾಲ್ಕು ತಂಗುದಾಣಗಳಲ್ಲಿ ಮೂರು ಮೂರು ರಾತ್ರಿಯೆಂದರೆ ಹೋಗುವುದಕ್ಕೇ ಹನ್ನೆರಡು ರಾತ್ರಿ ಕಳೆದಿರುತ್ತದೆ. ಎರಡು ವಾರದ ರಜೆ ಪಡೆದ ತಂದೆತಾಯಿ ಅಲ್ಲಿ ಮುಟ್ಟುವ ಹೊತ್ತಿಗೆ ಕಚೇರಿ ಕರೆಯುತ್ತಿರುತ್ತದೆ. ಇದು ನಿವೃತ್ತರ ಸೂತ್ರ; ಅವರ ಬಳಿ ಕಾಲವಿದೆ. ಹಾಗೆಂದು ಮೂರನ್ನೂ ಎಸೆಯಬೇಕಿಲ್ಲ. ಮೈಲಿಯ ಮಿತಿಯನ್ನು ಸಡಿಲಿಸಬಹುದು, ಮೂರು ರಾತ್ರಿಯ ನಿಯಮವನ್ನು ನಿಜವಾಗಿ ತಂಗಬೇಕಾದ ಒಂದೆರಡು ಜಾಗಗಳಿಗೆ ಉಳಿಸಿಕೊಳ್ಳಬಹುದು. ಮುಟ್ಟುವ ಹೊತ್ತಿನ ನಿಯಮ ಮಾತ್ರ ಯಾರಿಗಾದರೂ ಸಲ್ಲುವಂಥದು. ಆರೇಳು ಗಂಟೆ ಕಟ್ಟಿಹಾಕಿದಂತೆ ಕೂತ ಮಕ್ಕಳಿಗೆ ಓಡಾಡಲು ಬೆಳಕು ಬೇಕು, ಟೆಂಟು ಹೂಡಲು ಬೆಳಕು ಬೇಕು, ರಾತ್ರಿ ಶೌಚಾಲಯ ಎಲ್ಲಿದೆಯೆಂದು ಅಜ್ಜಿ ಹಗಲಿನಲ್ಲೇ ನೋಡಿಟ್ಟುಕೊಳ್ಳಬೇಕು. ಯೋಜನೆ ಹಾಕುವವರು ಮೈಲಿಯಿಂದ ಹೊತ್ತನ್ನು ಎಣಿಸುವ ಬದಲು ಹೊತ್ತಿನಿಂದ ಹಿಂದಕ್ಕೆ ಮೈಲಿಯನ್ನು ಎಣಿಸಿದರೆ ಹಾಳೆಯ ಅರ್ಧ ತಪ್ಪುಗಳು ತಾವಾಗಿಯೇ ಹೋಗುತ್ತವೆ. ಗಡಿಯಾರವೂ ಈ ದಾರಿಯಲ್ಲಿ ಒಂದು ಆಟ ಆಡುತ್ತದೆ. ಸೌತ್ ಡಕೋಟದ ನಡುವೆ, ಮರ್ಡೋ ದಾಟಿ ಸ್ವಲ್ಪ ಪಶ್ಚಿಮಕ್ಕೆ, ಕಾಲವಲಯ ಬದಲಾಗಿ ಹೋಗುವಾಗ ಒಂದು ಗಂಟೆ ಲಾಭ, ಬರುವಾಗ ಅದೇ ಗಂಟೆ ನಷ್ಟ. ಹೋದ ಪಟ್ಟಿಯನ್ನೇ ತಿರುಗಿಸಿ ಬರುವ ಪಟ್ಟಿ ಮಾಡಿದವರು ಆ ದಿನ ಎಣಿಸಿದ್ದಕ್ಕಿಂತ ತಡವಾಗಿ ಮುಟ್ಟುತ್ತಾರೆ.

ದುಡ್ಡಿನ ಆಕ್ಷೇಪ ಹಗುರವಾದದ್ದಲ್ಲ. ಸರಕಾರಿ ಕ್ಯಾಂಪ್‌ಗ್ರೌಂಡಿನಲ್ಲಿ ಟೆಂಟಿನ ಜಾಗಕ್ಕೆ ಸಾಮಾನ್ಯವಾಗಿ ರಾತ್ರಿಗೆ 20ರಿಂದ 40 ಡಾಲರು. ಬೇಸಿಗೆಯ ಮೋಟೆಲಿಗೆ ಅದರ ಮೂರು ನಾಲ್ಕು ಪಟ್ಟು ಸುಲಭವಾಗಿ ಆದೀತು. ಆದರೆ ಈ ಹೋಲಿಕೆ ನಡೆಯಬೇಕಾದದ್ದು ಹೆದ್ದಾರಿ ಪಕ್ಕದ ಖಾಸಗಿ ಕ್ಯಾಂಪ್‌ಗ್ರೌಂಡಿನ ಜತೆ, ಏಕೆಂದರೆ ದಾರಿಯ ರಾತ್ರಿಗಳಲ್ಲಿ ಹೆಚ್ಚಾಗಿ ಸಿಗುವುದು ಅದೇ, ಅದರ ದರ ಸರಕಾರಿ ದರವಲ್ಲ. ಅಡುಗೆಗೆ ತ್ರಾಣವಿಲ್ಲದೆ ಹೋಟೆಲಿಗೆ ಹೋದರೆ ಅದೂ ಲೆಕ್ಕಕ್ಕೆ ಸೇರುತ್ತದೆ. ಇಷ್ಟೆಲ್ಲ ಕಳೆದ ಮೇಲೂ ಟೆಂಟೇ ಅಗ್ಗ, ನಿಜ. ಉಳಿತಾಯವೇ ಮುಖ್ಯವಾದ ಕುಟುಂಬಕ್ಕೆ ನನ್ನ ಉತ್ತರ ಬೇರೆ: ದಾರಿಯ ರಾತ್ರಿಗಳ ಸಂಖ್ಯೆಯನ್ನೇ ಇಳಿಸಿ. ಲಾಕ್ರಾಸ್‌ನಲ್ಲಿ ನಿಲ್ಲದೆ ಮೊದಲ ದಿನವೇ ಬೆಳಗಿನ ಜಾವ ಹೊರಟು, ಇಬ್ಬರು ಸರದಿಯಲ್ಲಿ ಓಡಿಸಿ, ಸುಮಾರು 575 ಮೈಲಿಯ ಸೂ ಫಾಲ್ಸ್ ಸೇರಿ ಮೋಟೆಲಿನಲ್ಲಿ ಮಲಗಿದರೆ ಒಂದು ರಾತ್ರಿಯ ಖರ್ಚೇ ಇಲ್ಲವಾಗುತ್ತದೆ. ಟೆಂಟು ಹೂಡುವ ಕೆಲಸವಿಲ್ಲದ್ದರಿಂದ ಆ ಒಂದು ದಿನ ಕತ್ತಲಾಗಿ ಮುಟ್ಟಿದರೂ ನಡೆಯುತ್ತದೆ. ಮಾರನೆಯ ದಿನ ಸುಮಾರು 280 ಮೈಲಿ ಓಡಿಸಿದರೆ ಮಧ್ಯಾಹ್ನದಲ್ಲೇ ಬ್ಯಾಡ್‌ಲ್ಯಾಂಡ್ಸ್. ಅಲ್ಲಿ ಎರಡು ರಾತ್ರಿ ಟೆಂಟು ಹೂಡುವುದಕ್ಕೆ ಅರ್ಥವಿದೆ. ಅಲ್ಲಿನ ರಾಷ್ಟ್ರೀಯ ಉದ್ಯಾನದ ಸೇಜ್ ಕ್ರೀಕ್ ಕ್ಯಾಂಪ್‌ಗ್ರೌಂಡಿಗೆ ಶುಲ್ಕವೂ ಇಲ್ಲ, ಬುಕಿಂಗೂ ಇಲ್ಲ. ಮೊದಲು ಬಂದವರಿಗೆ ಜಾಗ. ಕುಡಿಯುವ ನೀರೂ ಇಲ್ಲವೆಂಬುದನ್ನು ಮರೆಯಬಾರದು, ಕಾಡೆಮ್ಮೆಗಳು ಟೆಂಟಿನ ಸುತ್ತ ಅಡ್ಡಾಡಿದರೆ ಬೆಚ್ಚಬಾರದು.

ಮುಂಚೆಯೇ ಎಲ್ಲವನ್ನೂ ಗೊತ್ತು ಮಾಡಿಕೊಂಡರೆ ಪ್ರಯಾಣದ ಸುಖವೆಲ್ಲಿ, ಮನಸ್ಸು ಬಂದಲ್ಲಿ ನಿಲ್ಲುವುದೇ ಚಂದ ಎನ್ನುವವರದು ಇದಕ್ಕೆ ವಿರುದ್ಧ ದಿಕ್ಕಿನ ಆಕ್ಷೇಪ. ಹೀಗೆ ಮನಬಂದಲ್ಲಿ ನಿಲ್ಲುವ ಸ್ವಾತಂತ್ರ್ಯ ಆ ದೇಶದಲ್ಲಿ ಎಲ್ಲರಿಗೂ ಇರಲಿಲ್ಲವೆಂಬುದನ್ನು ಮೊದಲು ನೆನೆಯಬೇಕು. ಕಪ್ಪು ಜನರ ಕುಟುಂಬಗಳು ಎಲ್ಲಿ ನಿಂತರೆ ಅವಮಾನ, ಅಪಾಯ ಇಲ್ಲವೆಂದು ತಿಳಿಯಲು 1936ರಿಂದ ಮೂವತ್ತು ವರ್ಷ ಗ್ರೀನ್ ಬುಕ್ ಎಂಬ ಕೈಪಿಡಿ ಬೇಕಾಯಿತು. ಶೆನಂಡೋವ ರಾಷ್ಟ್ರೀಯ ಉದ್ಯಾನದಲ್ಲಿ ಅವರಿಗೆಂದು ಲೂಯಿಸ್ ಮೌಂಟನ್ ಎಂಬ ಪ್ರತ್ಯೇಕ ಶಿಬಿರವೇ ಇತ್ತು. ಯೋಜನೆಯಿಲ್ಲದ ಪ್ರಯಾಣದ ಹಳೆಯ ವೈಭವವನ್ನು ಹಾಡುವವರು ಇದನ್ನು ಬಿಟ್ಟು ಹಾಡುತ್ತಾರೆ. ಎರಡನೆಯದಾಗಿ, ಕಾಡಿನ ಕ್ಯಾಂಪ್‌ಗ್ರೌಂಡಿನಲ್ಲಿ ಜಾಗಗಳ ಸಂಖ್ಯೆ ಬೇಕೆಂದೇ ಮಿತಗೊಳಿಸಿದ್ದು. ಮೊದಲು ಕಾರುಗಳು ಮರಗಳ ಬುಡಕ್ಕೇ ನುಗ್ಗುತ್ತಿದ್ದವು. ಚಕ್ರದಡಿ ಮಣ್ಣು ಗಟ್ಟಿಯಾಗಿ ಬೇರುಗಳು ಸಾಯುತ್ತವೆಂದು ಕ್ಯಾಲಿಫೋರ್ನಿಯಾದಲ್ಲಿ ಸಸ್ಯರೋಗತಜ್ಞ ಮೈನೆಕೆ ಕಂಡುಕೊಂಡು, 1930ರ ದಶಕದ ಆರಂಭದಲ್ಲಿ ಹೊಸ ವಿನ್ಯಾಸ ಸೂಚಿಸಿದರು: ಒಂದೇ ದಿಕ್ಕಿನ ಸುತ್ತು ರಸ್ತೆ, ಅದರಿಂದ ಕವಲಾಗಿ ಪ್ರತಿ ಕುಟುಂಬಕ್ಕೂ ಒಂದು ನಿಲುಗಡೆ, ಕಾರು ಅಲ್ಲಿಂದಾಚೆ ಹೋಗದಂತೆ ತಡೆ. ಇಂದಿನ ಕ್ಯಾಂಪ್‌ಗ್ರೌಂಡುಗಳು ಬಹುಪಾಲು ಅದೇ ಅಚ್ಚಿನಲ್ಲಿವೆ. ಆದ್ದರಿಂದ ‘ಭರ್ತಿ’ ಎಂಬ ಫಲಕಕ್ಕೆ ನಮ್ಮ ಕಡೆಯ ಬಸ್ಸಿನ ಅರ್ಥವಿಲ್ಲ. ಸರಿದು ಕೂರಿ ಎಂದು ಹೇಳಿ ಜಾಗ ಮಾಡಿಸಲಾಗದು. ಕೋಡಿಯಿಂದ ಯೆಲ್ಲೋಸ್ಟೋನಿನ ಪೂರ್ವದ್ವಾರಕ್ಕೆ ಹೋಗುವ ಐವತ್ತು ಚಿಲ್ಲರೆ ಮೈಲಿ ದಾರಿಯಲ್ಲಿ ಅರಣ್ಯ ಇಲಾಖೆಯ ಶಿಬಿರಗಳು ಸಾಲಾಗಿವೆ, ಕೊನೆಗಳಿಗೆಯಲ್ಲಿ ಅಲ್ಲೆಲ್ಲಾದರೂ ಸಿಕ್ಕೀತು ಎನಿಸುತ್ತದೆ. ಆದರೆ ಗ್ರಿಜ್ಲಿ ಕರಡಿಗಳ ಕಾರಣಕ್ಕೆ ಅವುಗಳಲ್ಲಿ ಕೆಲವು ಗಟ್ಟಿ ಗೋಡೆಯ ವಾಹನಗಳಿಗೆ ಮಾತ್ರ. ಬಟ್ಟೆಯ ಟೆಂಟಿಗೆ ಪ್ರವೇಶವೇ ಇಲ್ಲ. ಉದ್ಯಾನದೊಳಗೆ ಬೇಸಿಗೆಯ ಶಿಬಿರಗಳೆಲ್ಲ ಈಗ ಮುಂಗಡ ಬುಕಿಂಗಿನವೇ.

ಹಾಗಾಗಿ ಯೋಜನೆ ಬೇಕು, ಆದರೆ ಎಲ್ಲ ರಾತ್ರಿಗಳಿಗೂ ಒಂದೇ ಬಿಗಿ ಬೇಡ. ತಂಗುವ ಜಾಗಗಳನ್ನು ಆರು ತಿಂಗಳು ಮುಂಚೆ, ಬುಕಿಂಗ್ ತೆರೆದ ದಿನವೇ ಗಟ್ಟಿ ಮಾಡಿಕೊಳ್ಳಬೇಕು. ಯೆಲ್ಲೋಸ್ಟೋನಿನ ಕೆಲವು ಶಿಬಿರಗಳನ್ನು ಗುತ್ತಿಗೆ ಸಂಸ್ಥೆ ನಡೆಸುವುದರಿಂದ ಅವಕ್ಕೆ ಇನ್ನೂ ಮುಂಚೆ. ದಾರಿಯ ಮೋಟೆಲುಗಳನ್ನು ಹೊರಡುವ ಹೊತ್ತಿಗೆ ಗೊತ್ತು ಮಾಡಿಕೊಂಡರೂ ಸಾಕು, ರದ್ದು ಮಾಡಲು ಬರುವಂಥದನ್ನೇ ಆರಿಸಿದರೆ ಮನಸ್ಸು ಬಂದಲ್ಲಿ ನಿಲ್ಲುವ ಸುಖವೂ ಉಳಿಯುತ್ತದೆ. ತಂಗುವ ಜಾಗ ಆರಿಸುವಾಗ ಹೆಸರಿಗಿಂತ ಎತ್ತರ ನೋಡಬೇಕು. ಯೆಲ್ಲೋಸ್ಟೋನಿನ ಕ್ಯಾನ್ಯನ್ ಶಿಬಿರ ಸುಮಾರು 2,400 ಮೀಟರ್ ಎತ್ತರದಲ್ಲಿದೆ. ಜುಲೈಯಲ್ಲೂ ಅಲ್ಲಿ ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ ಬೀಳಬಹುದು. ನೀರು 92 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿಟ್ಟ ಬೇಳೆ ಬೇಯುವುದೇ ಇಲ್ಲವೇನೋ ಎನಿಸುತ್ತದೆ. ಕನ್ನಡದ ಮನೆಗಳು ಗಾಡಿಗೆ ತುಂಬುವ ಕುಕ್ಕರನ್ನು ನೋಡಿ ನಗುವವರು ಅಲ್ಲಿ ನಗಲಾರರು. ‘ಹೇಗೂ ದಾರಿಯಲ್ಲೇ ಇದೆಯಲ್ಲ, ಅದನ್ನೂ ನೋಡಿಬಿಡೋಣ’ ಎನ್ನುವುದು, ಧರ್ಮಸ್ಥಳ, ಸುಬ್ರಹ್ಮಣ್ಯ, ಶೃಂಗೇರಿಗಳನ್ನು ಒಂದೇ ಸುತ್ತಿನಲ್ಲಿ ಮುಗಿಸಿ ಬೆಳೆದವರಿಗೆ ಸಹಜವಾಗಿ ಬರುವ ಮಾತು. ವಯೋಮಿಂಗಿನಲ್ಲಿ ಎರಡು ‘ದಾರಿಯಲ್ಲೇ ಇರುವ’ ಜಾಗಗಳ ನಡುವೆ ಅರ್ಧ ದಿನದ ಓಟವಿರುತ್ತದೆ. ಈ ಪಟ್ಟಿಯಲ್ಲಿ ಡೆವಿಲ್ಸ್ ಟವರನ್ನು ಹಗಲಲ್ಲಿ ಕಂಡು ಮುಂದೆ ಸಾಗಬಹುದು. ಅಲ್ಲೊಂದು ರಾತ್ರಿ ಟೆಂಟು ಹೂಡುವುದು ಹಟವಷ್ಟೆ.

ಮುಂಗಡ ಬುಕಿಂಗಿನ ವ್ಯವಸ್ಥೆಯೇ ದೋಷರಹಿತವೆಂದು ನಾನು ಹೇಳಲಾರೆ. ಆರು ತಿಂಗಳ ಮುಂಚೆ ರಜೆಯ ದಿನ ಗೊತ್ತಿರುವವರಿಗೆ, ನಿಗದಿತ ನಿಮಿಷಕ್ಕೆ ಕಂಪ್ಯೂಟರಿನ ಮುಂದೆ ಕೂರಬಲ್ಲವರಿಗೆ ಅದು ಅನುಕೂಲ; ಪಾಳಿಯಲ್ಲಿ ದುಡಿಯುವವರಿಗೆ ಅಲ್ಲ. ಸರಕಾರಿ ಜಾಲತಾಣದಲ್ಲಿ ಬುಕಿಂಗ್ ರದ್ದು ಮಾಡುವ ಶುಲ್ಕ ಕೇವಲ 10 ಡಾಲರು. ಅದಕ್ಕೇ ಜನ ನಾಲ್ಕಾರು ಕಡೆ ಹಿಡಿದಿಟ್ಟು ಆಮೇಲೆ ತೀರ್ಮಾನಿಸುತ್ತಾರೆ, ಕೆಲವರು ರದ್ದೂ ಮಾಡದೆ ಬಾರದೆಯೂ ಇರುತ್ತಾರೆ. ಹೇಳದೆ ತಪ್ಪಿಸಿಕೊಂಡವರಿಗೆ 20 ಡಾಲರ್ ದಂಡ ಮತ್ತು ಮೊದಲ ರಾತ್ರಿಯ ಬಾಡಿಗೆ ನಷ್ಟ. ಆದರೆ ಮಾರನೆಯ ದಿನ ಜಾಗ ತೆರವು ಮಾಡುವ ಹೊತ್ತಿನವರೆಗೂ ಅದು ಅವರ ಹೆಸರಿನಲ್ಲೇ ಖಾಲಿ ಬಿದ್ದಿರುತ್ತದೆ. ಎಲ್ಲ ರಾತ್ರಿಗೂ ಒಂದೊಂದು ಕ್ಯಾಂಪ್‌ಗ್ರೌಂಡು ಎಂಬ ಯೋಜನೆ ಈ ಕೊರತೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಬರುವ ಬೇಸಿಗೆಗೆ ಹೀಗೆ ಒಂದೊಂದು ರಾತ್ರಿಯ ಜಾಗಗಳನ್ನು ಹಿಡಿದಿಟ್ಟವರು ತಮ್ಮ ಪಟ್ಟಿಯನ್ನು ಇನ್ನೊಮ್ಮೆ ನೋಡಲಿ, ಬೇಡದ್ದನ್ನು ಹೊರಡುವ ಹಿಂದಿನ ದಿನದವರೆಗೆ ಕಾಯದೆ ಇವತ್ತೇ ಬಿಟ್ಟುಕೊಡಲಿ. ಮೂರು ರಾತ್ರಿ ಇರಲೆಂದು ಹುಡುಕುತ್ತಿರುವ ಯಾವುದೋ ಕುಟುಂಬಕ್ಕೆ ಆ ತಾರೀಖು ಬೇಕಾಗಿದೆ.